ಕೊಪ್ಪರಿಗೆಯ ಒಳಮೈ

“ತಾಯೀ, ನಾಳೆ ಬೆಳಿಗ್ಗೆ ಆ ಕುರ್ಚಿಯಲ್ಲಿ ನಾನು ಕೂರಲೇ, ಬೇಡವೇ?”

ಕೇಳಿದವನು ದ್ಯಾಮಣ್ಣ. ಅವನು ರಾಜ್ಯದ ಮಂತ್ರಿ. ಊರಾಚೆಯ ಸಣ್ಣ ಮಠದಲ್ಲಿ ಗುರುತಾಯಿಯ ಎದುರು ಚಾಪೆಯ ಅಂಚಿನಲ್ಲಿ ಕೂತಿದ್ದ. ಹದಿನೈದು ವರ್ಷಗಳಿಂದ ಅವನು ಅವರ ಶಿಷ್ಯ. ಚುನಾವಣೆಯಲ್ಲಿ ಗೆದ್ದಾಗ ಚಾಪೆಯ ನಡುವೆ ಕೂರುತ್ತಿದ್ದ. ಸೋತಾಗಲೂ ನಡುವೆಯೇ ಕೂರುತ್ತಿದ್ದ. ಅಂಚಿನಲ್ಲಿ ಕೂತದ್ದು ಇದೇ ಮೊದಲು.

ಗುರುತಾಯಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಯಾವ ಕುರ್ಚಿಯಪ್ಪಾ?”

“ನಾಗವೇಣಿಯವರದು. ಮುಖ್ಯಮಂತ್ರಿಗಳು ಅವರನ್ನು ಸಂಪುಟದಿಂದ ಕೈಬಿಟ್ಟರು. ಅವರ ಇಲಾಖೆ ನನಗೆ ಬಂತು.”

ನಾಗವೇಣಿಯೂ ಇದೇ ಮಠದ ಶಿಷ್ಯೆ. ವಿದ್ಯಾರ್ಥಿಗಳ ಹಾಸ್ಟೆಲ್‌ಗಳನ್ನು ನೋಡಿಕೊಳ್ಳುವ ಮಂತ್ರಿಯಾಗಿದ್ದಳು.

“ಯಾಕೆ ಕೈಬಿಟ್ಟರು?”

“ಮೂರು ಹಾಸ್ಟೆಲ್‌ಗಳಲ್ಲಿ ಮಕ್ಕಳು ನೀರು ಕುಡಿದು ಹಾಸಿಗೆ ಹಿಡಿದರು. ನೀರಿನ ತೊಟ್ಟಿಗಳು ಹಳೆಯವು. ವಿರೋಧ ಪಕ್ಷದವರು ಸದನ ನಡೆಯಲು ಬಿಡಲಿಲ್ಲ. ಯಾರಾದರೂ ಒಬ್ಬರು ಹೋಗಬೇಕಾಯಿತು.”

“ತೊಟ್ಟಿ ಹಳೆಯದೆಂದು ಅವಳಿಗೆ ಗೊತ್ತಿರಲಿಲ್ಲವೇ?”

ದ್ಯಾಮಣ್ಣ ಚಾಪೆಯ ಎಳೆ ಕೀಳತೊಡಗಿದ.

“ಗೊತ್ತಿತ್ತು. ಸಂಪುಟ ಸಭೆಯಲ್ಲಿ ಅವರೇ ಹೇಳಿದ್ದರು. ತೊಟ್ಟಿ ಬದಲಿಸಲು ಹಾಸ್ಟೆಲ್‌ಗಳನ್ನು ಒಂದು ತಿಂಗಳು ಮುಚ್ಚಬೇಕು ಅಂದರು. ಚುನಾವಣೆ ಹತ್ತಿರ ಬಂದಿದೆ, ಮುಚ್ಚಿದರೆ ಸುದ್ದಿಯಾಗುತ್ತದೆ, ಆಮೇಲೆ ನೋಡೋಣ ಅಂದರು ಮುಖ್ಯಮಂತ್ರಿಗಳು.”

“ನೀನೇನು ಅಂದೆ?”

“ಎಲ್ಲರೂ ತಲೆಯಾಡಿಸಿದರು.”

“ನಾನು ಎಲ್ಲರ ವಿಷಯ ಕೇಳಲಿಲ್ಲ.”

“ನಾನೂ ಆಡಿಸಿದೆ.”

“ಅವಳು ಹೊರಗೆ ಬಂದು ಇದನ್ನು ಯಾರಿಗೂ ಹೇಳಲಿಲ್ಲವೇ?”

“ಹೇಳುವಂತಿಲ್ಲ ತಾಯೀ. ಸಂಪುಟದ ಒಳಗಿನ ಮಾತನ್ನು ಹೊರಗೆ ಆಡುವುದಿಲ್ಲ ಎಂದು ನಾವೆಲ್ಲ ಪ್ರಮಾಣ ಮಾಡಿರುತ್ತೇವೆ. ಅವರು ಪ್ರಮಾಣ ಮುರಿಯಲಿಲ್ಲ.”

“ಈಗ ತೊಟ್ಟಿಗಳು?”

“ಅವೇ ಇವೆ. ಮಕ್ಕಳು ಅದೇ ನೀರು ಕುಡಿಯುತ್ತಿದ್ದಾರೆ. ತೊಟ್ಟಿಗಳಿಗೆ ಹೊರಗಿನಿಂದ ಸುಣ್ಣ ಬಳಿಯಲು ಆದೇಶವಾಗಿದೆ.”

ಗುರುತಾಯಿ ಒಂದು ಬತ್ತಿ ಮುಗಿಸಿ ಇನ್ನೊಂದಕ್ಕೆ ಹತ್ತಿ ತೆಗೆದುಕೊಂಡರು. ಅಷ್ಟರಲ್ಲಿ ದ್ಯಾಮಣ್ಣನನ್ನು ಕರೆತಂದ ಕಾರಿನ ಚಾಲಕ ಒಳಗೆ ಬಂದು, ಬಾಗಿಲ ಹಿಂದಿನ ಮಡಕೆಯಿಂದ ನೀರು ಮೊಗೆದು ಕುಡಿದ. ಮಡಕೆ ಎಲ್ಲಿದೆ ಎಂದು ಅವನು ಯಾರನ್ನೂ ಕೇಳಲಿಲ್ಲ. ಗುರುತಾಯಿ ಅವನನ್ನು ನೋಡಿ ನಕ್ಕರು. ಅವನು ಕೈಮುಗಿದು ಹೊರಗೆ ಹೋದ. ಅವನು ಹೋಗುವವರೆಗೆ ದ್ಯಾಮಣ್ಣ ತಲೆ ಎತ್ತಲಿಲ್ಲ.

“ನಿನ್ನಿಂದ ತಪ್ಪಾಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ,” ಎಂದ. “ಹಾಗಾದರೆ ಅವರ ಮುಖ ನೆನಪಾದರೆ ನನಗೇಕೆ ಊಟ ಸೇರುವುದಿಲ್ಲ?”

“ಒಂದು ಕತೆ ಕೇಳು,” ಎಂದರು ಗುರುತಾಯಿ.

ಒಂದು ಊರಿನಲ್ಲಿ ಮುನ್ನೂರು ಮನೆಗಳಿದ್ದವು. ಸುಗ್ಗಿಯ ಎರಡು ತಿಂಗಳು ಅಲ್ಲಿ ಯಾರ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ. ಗಂಡಸರು, ಹೆಂಗಸರು ಎಲ್ಲರೂ ಹೊಲದಲ್ಲಿ. ಮಕ್ಕಳಿಗೆ, ಮುದುಕರಿಗೆ, ದುಡಿದು ಬಂದವರಿಗೆ ಊರ ನಡುವಿನ ಅಡುಗೆಮನೆಯಲ್ಲೇ ಊಟ.

ಅಡುಗೆಮನೆಗೆ ಒಬ್ಬ ಯಜಮಾನ ಬೇಕು. ಸುಗ್ಗಿಯ ಮೊದಲ ದಿನ, ಯಜಮಾನನಾಗಲು ಬಯಸಿದವರು ಒಂದೊಂದು ಮೊರ ಮುಂದಿಟ್ಟುಕೊಂಡು ಕೂರುತ್ತಿದ್ದರು. ಪ್ರತಿ ಮನೆಯವರೂ ಒಂದು ಹಿಡಿ ಅಕ್ಕಿ ತಂದು ತಮಗೆ ಬೇಕಾದವನ ಮೊರಕ್ಕೆ ಹಾಕುತ್ತಿದ್ದರು. ಯಾರ ಮೊರಕ್ಕೆ ಅರ್ಧ ಊರಿಗಿಂತ ಹೆಚ್ಚು ಮನೆಗಳ ಅಕ್ಕಿ ಬಿತ್ತೋ ಅವನು ಯಜಮಾನ. ಸೋತವರು ಎದುರು ಜಗಲಿಯ ಮೇಲೆ ಕೂತು ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದರು. ಅದೂ ಊರಿಗೆ ಬೇಕಾದ ಕೆಲಸವೇ.

ಆ ವರ್ಷ ಒಬ್ಬ ರೈತ ಯಜಮಾನನಾದ. ನೂರ ಅರವತ್ತು ಮನೆಗಳು ಅವನ ಹಿಂದೆ ನಿಂತವು. ಅವನನ್ನು ನೋಡಿ ಬಂದ ಮನೆಗಳು ಕಡಿಮೆ. ಒಂದೊಂದು ಓಣಿಯ ಹಿರಿಯ ಒಂದಷ್ಟು ಮನೆಗಳನ್ನು ಕರೆತಂದಿದ್ದ. ಕರೆತಂದವನು ಕರೆದುಕೊಂಡೂ ಹೋಗಬಲ್ಲ. ಇದು ಯಜಮಾನನಿಗೆ ಗೊತ್ತಿತ್ತು. ಉಣ್ಣುವಾಗಲೂ ಅವನು ಮನಸ್ಸಿನಲ್ಲಿ ಮನೆಗಳನ್ನು ಎಣಿಸುತ್ತಿದ್ದ.

ಯಜಮಾನನಾದವನು ತಾನೊಂದು ಸೌಟು ಹಿಡಿದು, ಎಂಟು ಜನರನ್ನು ಆರಿಸಿ ಎಂಟು ಸೌಟುಗಳನ್ನು ಕೊಡಬೇಕು. ಕೈಯಲ್ಲಿ ಸೌಟು ಇದ್ದವನು ಅಡುಗೆಮನೆಯವನು. ಒಬ್ಬ ವ್ಯಾಪಾರಿ ಬಂದು ಉಪ್ಪಿನ ಕೆಲಸ ತನಗೇ ಬೇಕೆಂದ. ಅವನಿಗೆ ಉಪ್ಪಿನ ಹದ ಗೊತ್ತಿರಲಿಲ್ಲ. ಆದರೆ ಅವನ ಓಣಿಯಲ್ಲಿ ಎಂಬತ್ತು ಮನೆಗಳಿದ್ದವು. ಉಪ್ಪು ಅವನದಾಯಿತು. ತುಪ್ಪದ ಸೌಟಿಗೆ ಐದು ಜನ ಕಿತ್ತಾಡಿದರು. ತುಪ್ಪ ಬಡಿಸುವವನ ಮುಖವನ್ನು ಊರೆಲ್ಲ ನೋಡುತ್ತದೆ. ಒಲೆ ಊದುವವನ ಬೆನ್ನು ಮಾತ್ರ ಕಾಣುತ್ತದೆ. ಐವರಲ್ಲಿ ಯಾರ ಓಣಿ ದೊಡ್ಡದೋ ಅವನಿಗೆ ತುಪ್ಪ ಸಿಕ್ಕಿತು. ಇನ್ನೊಬ್ಬನಿಗೆ ಅವನು ಒಪ್ಪುವಂಥ ಕೆಲಸವೇ ಉಳಿದಿರಲಿಲ್ಲ. ಅವನು ಮುನಿಸಿಕೊಳ್ಳಬಾರದೆಂದು ಬರಿಯ ಸೌಟು ಕೊಟ್ಟು ಕೂರಿಸಿದರು. ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೂ ಹೋಗಿಬಂದ.

ಸೌದೆಯ ಕೆಲಸ ಒಬ್ಬ ಗಾಡಿ ಹೊಡೆಯುವವನಿಗೆ ಸಿಕ್ಕಿತು. ಅವನ ಓಣಿಯಲ್ಲಿ ಇಪ್ಪತ್ತು ಮನೆಗಳು. ಅವನು ಕೆಟ್ಟವನಲ್ಲ. ಈ ಕತೆ ಅವನದು.

ಕೊನೆಗೆ ಪಾತ್ರೆಗಳ ಕೆಲಸ ಉಳಿಯಿತು. ತಿಕ್ಕುವುದು ಯಾರಿಗೆ ಬೇಕು? ಕೆರೆಯ ಕಡೆಯ ಓಣಿಯಲ್ಲಿ ಒಬ್ಬ ಹೆಂಗಸಿದ್ದಳು. ಆ ಓಣಿಗೆ ಇದ್ದದ್ದು ಮೂರೇ ಮನೆ. ಯಾವ ಪಾತ್ರೆಯಲ್ಲಿ ಏನು ಬೇಯಿಸಬೇಕು, ಯಾವುದರಲ್ಲಿ ಏನನ್ನು ಇಡಬಾರದು ಎಂದು ಅವಳು ಬಲ್ಲಳು. ಅವಳನ್ನು ಕರೆದು ಸೌಟು ಕೊಟ್ಟರು. ಎಂಟು ಸೌಟುಗಳಲ್ಲಿ ಕೆಲಸ ಬಲ್ಲವರ ಕೈಗೆ ಹೋದದ್ದು ಅದೊಂದೇ. ಹಿಂದೆ ಮನೆಗಳಿಲ್ಲದ ಸೌಟೂ ಅದೊಂದೇ.

ಆ ಅಡುಗೆಮನೆಗೆ ಎರಡು ಕಟ್ಟಳೆಗಳಿದ್ದವು. ಒಳಗೆ ಎಷ್ಟು ಬೇಕಾದರೂ ಜಗಳವಾಡಬಹುದು. ಆದರೆ ಒಳಗಿನ ಮಾತು ಹೊಸ್ತಿಲು ದಾಟಬಾರದು. ಇದು ಒಂದು. ಇನ್ನೊಂದು, ಬಡಿಸುವ ಮೊದಲು ಯಜಮಾನನೂ ಎಂಟು ಜನರೂ ಪಂಕ್ತಿಯ ಮುಂದೆ ನಿಂತು ಒಂದೇ ಎಲೆಯಿಂದ ಒಂದೊಂದು ತುತ್ತು ತಿನ್ನಬೇಕು. ‘ಇದು ನಮ್ಮೆಲ್ಲರ ಕೈ ಅಡುಗೆ’ ಎಂದು ಹೇಳಬೇಕು. ಅಡುಗೆ ಕೆಟ್ಟು ಊರಿಗೆ ಕೇಡಾದರೆ ಒಂಬತ್ತು ಜನರೂ ಹೊರಡಬೇಕು. ಊರು ಮತ್ತೆ ಮೊರ ಇಡುತ್ತದೆ.

ಎರಡೂ ಒಳ್ಳೆಯ ಕಟ್ಟಳೆಗಳು. ಒಂದು ನೊಗಕ್ಕೆ ಕಟ್ಟಿದ ಎರಡು ಎತ್ತುಗಳಿದ್ದ ಹಾಗೆ. ಒಂದನ್ನು ಬಿಚ್ಚಿ ಇನ್ನೊಂದನ್ನೇ ಹೊಡೆದರೆ ಗಾಡಿ ಹೊಂಡಕ್ಕೆ ಬೀಳುತ್ತದೆ.

ಆ ಊರಿಗೆಲ್ಲ ಸಾರು ಬೇಯುತ್ತಿದ್ದದ್ದು ಒಂದು ತಾಮ್ರದ ಕೊಪ್ಪರಿಗೆಯಲ್ಲಿ. ತಾಮ್ರದ ಪಾತ್ರೆಗೆ ಒಳಗೆ ಕಲಾಯಿ ಇರಬೇಕು. ಅದು ತವರದ ಬಿಳಿಯ ಲೇಪ. ಅದು ಸವೆದರೆ ಹುಳಿ ತಾಮ್ರಕ್ಕೆ ತಾಗುತ್ತದೆ. ಹಸಿರು ಕಿಲುಬು ಏಳುತ್ತದೆ. ಕಿಲುಬು ಹೊಟ್ಟೆಗೆ ವಿಷ.

ಒಂದು ದಿನ ಪಾತ್ರೆಯವಳು ಅಡುಗೆಮನೆಯ ಸಭೆಯಲ್ಲಿ ಹೇಳಿದಳು.

“ಕೊಪ್ಪರಿಗೆಯ ತಳದಲ್ಲಿ ಕಲಾಯಿ ಹೋಗಿದೆ. ಕಲಾಯಿಯವನನ್ನು ಕರೆಸಿ. ಅವನಿಗೆ ಮೂರು ದಿನ ಕೊಪ್ಪರಿಗೆ ಬಿಟ್ಟುಕೊಡಬೇಕು.”

“ಮೂರು ದಿನ ಸಾರಿಗೆ ಏನು ಮಾಡುವುದು?” ಎಂದ ಯಜಮಾನ.

“ಸಾರು ಬೇಡ. ಮಜ್ಜಿಗೆ ಅನ್ನ ಬಡಿಸೋಣ.”

ತುಪ್ಪದವನು ನಕ್ಕ. “ಮಜ್ಜಿಗೆಯ ಮೇಲೆ ತುಪ್ಪ ಹಾಕಲೇನಮ್ಮಾ ನಾನು?”

“ಎದುರು ಜಗಲಿಯವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆಯೇ?” ಎಂದ ವ್ಯಾಪಾರಿ. “ಸಾರು ಕಾಯಿಸಲಾರದ ಯಜಮಾನ ಎಂದು ಓಣಿ ಓಣಿಯಲ್ಲಿ ಡಂಗುರ ಹೊಡೆಯುತ್ತಾರೆ.”

“ಜಗಲಿಯವರ ಬಾಯಿ ದೊಡ್ಡದೋ, ಮಕ್ಕಳ ಹೊಟ್ಟೆ ದೊಡ್ಡದೋ?” ಎಂದಳು ಪಾತ್ರೆಯವಳು.

ಯಜಮಾನ ಕೈ ಎತ್ತಿ ತಡೆದ. “ಸುಗ್ಗಿ ಮುಗಿಯಲು ಇನ್ನು ಇಪ್ಪತ್ತೇ ದಿನ. ಆಮೇಲೆ ಹಾಕಿಸಿದರಾಯಿತು. ಏನಂತೀರಿ?”

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಒಬ್ಬೊಬ್ಬರೂ ತಲೆಯಾಡಿಸಿದರು. ಸೌದೆಯವನಿಗೆ ಪಾತ್ರೆಯವಳ ಮಾತೇ ಸರಿ ಎನಿಸಿತ್ತು. ಅವನ ಮಗಳೂ ಅದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದಳು. ಆದರೆ ಆರು ತಲೆಗಳು ಆಡಿದ ಮೇಲೆ ಏಳನೆಯದು ಸುಮ್ಮನೆ ನಿಂತರೆ ಎದ್ದು ಕಾಣುತ್ತದೆ. ಅವನೂ ಆಡಿಸಿದ. ಅಷ್ಟೇ ಅವನು ಮಾಡಿದ್ದು.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಹೊಲದ ಕೆಲಸ ತಡವಾಯಿತು. ಬೆಳಿಗ್ಗೆ ಮಾಡಿದ ಹುಳಿಸಾರು ಮಧ್ಯಾಹ್ನ ತಿರುಗುವವರೆಗೆ ಕೊಪ್ಪರಿಗೆಯಲ್ಲೇ ನಿಂತಿತು. ಪಾತ್ರೆಯವಳು ಸಾರಿನ ಅಂಚಿನಲ್ಲಿ ಹಸಿರು ಗೆರೆ ಕಂಡಳು. ಹೊಸ್ತಿಲ ಒಳಗೆ ನಿಂತು ಯಜಮಾನನಿಗೆ ಹೇಳಿದಳು.

“ಇದನ್ನು ಚೆಲ್ಲಿಸಿ.”

“ಪಂಕ್ತಿ ಕೂತಾಗಿದೆ. ಎಲೆಯ ಮುಂದಿನಿಂದ ಎಬ್ಬಿಸಲು ಆಗುತ್ತದೆಯೇ? ಬಾ.”

ಒಂಬತ್ತು ಜನರೂ ಪಂಕ್ತಿಯ ಮುಂದೆ ನಿಂತರು. ಒಂದೊಂದು ತುತ್ತು ತಿಂದರು. ‘ಇದು ನಮ್ಮೆಲ್ಲರ ಕೈ ಅಡುಗೆ’ ಎಂದರು. ಪಾತ್ರೆಯವಳೂ ತಿಂದಳು, ಅವಳೂ ಹೇಳಿದಳು. ಆ ತುತ್ತು ಅವಳ ತಪ್ಪು. ಅದನ್ನು ನಾನು ಮುಚ್ಚಿಡುವುದಿಲ್ಲ.

ಹೊತ್ತು ಇಳಿಯುವುದರೊಳಗೆ ನಲವತ್ತು ಮಕ್ಕಳು ವಾಂತಿ ಮಾಡಿದರು. ತಿಂದದ್ದು ಒಂದೇ ತುತ್ತಾದರೂ ಸೌದೆಯವನ ಹೊಟ್ಟೆಯೂ ತೊಳಸಿತು. ಅವನು ಸೌದೆ ರಾಶಿಯ ಹಿಂದೆ ಹೋಗಿ ಕಕ್ಕಿದ. ಯಾರೂ ನೋಡದ ಹಾಗೆ ಅದರ ಮೇಲೆ ಬೂದಿ ಎಳೆದ. ಬೂದಿ ತರಲು ಒಲೆಯ ಬಳಿಗೆ ಹೋದಾಗ ತುಪ್ಪದವನೂ ಬೂದಿಗೆ ಬಂದಿದ್ದ. ಇಬ್ಬರೂ ಒಂದೊಂದು ಹಿಡಿ ತುಂಬಿಕೊಂಡು ಬೇರೆ ಬೇರೆ ಕಡೆ ನಡೆದರು.

ಎದುರು ಜಗಲಿಯವರು ಎದ್ದು ನಿಂತರು. “ಒಂಬತ್ತು ಸೌಟು ಕೆಳಗಿಡಿ. ಕಟ್ಟಳೆ ನಿಮ್ಮಜ್ಜನ ಕಾಲದ್ದು, ನಮ್ಮದಲ್ಲ” ಎಂದು ಕೂಗಿದರು.

ಯಜಮಾನ ಬಾಗಿಲು ಮುಚ್ಚಿ ಎಂಟು ಜನರನ್ನು ಕೂರಿಸಿದ.

“ಒಂಬತ್ತು ಇಡುವ ಬದಲು ಒಂದು ಇಟ್ಟರೆ ಊರು ಸಮಾಧಾನವಾದೀತು,” ಎಂದ.

“ನನ್ನ ಕಡೆ ನೋಡಬೇಡಿ,” ಎಂದ ವ್ಯಾಪಾರಿ. “ನಾನು ಎದ್ದರೆ ಎಂಬತ್ತು ಮನೆ ಏಳುತ್ತದೆ.”

“ನಾನು ಬಡಿಸಿದ್ದು ತುಪ್ಪ. ತುಪ್ಪ ಚೆನ್ನಾಗಿಯೇ ಇತ್ತು,” ಎಂದ ತುಪ್ಪದವನು.

ಕೆಲಸವಿಲ್ಲದ ಸೌಟಿನವನು “ನಾನು ಏನೂ ಮಾಡಿಲ್ಲ” ಎಂದ. ಅದು ನಿಜವಾಗಿತ್ತು.

ಹಾಗೆ ಒಬ್ಬೊಬ್ಬರೂ ಸರಿದು, ಎಲ್ಲರ ಕಣ್ಣು ಮೂರು ಮನೆಯ ಓಣಿಯವಳ ಮೇಲೆ ನಿಂತಿತು.

“ನಾನು ಹೇಳಿದ್ದೆನಲ್ಲ,” ಎಂದಳು ಪಾತ್ರೆಯವಳು.

“ಹೇಳಿದ್ದೆಯಮ್ಮಾ. ಯಾರು ಇಲ್ಲವೆಂದರು?” ಎಂದ ಯಜಮಾನ. “ಆದರೆ ಅದು ಒಳಗಿನ ಮಾತು.”

ಅವಳು ಎಲ್ಲರ ಮುಖವನ್ನೂ ಸುತ್ತಿ ನೋಡಿದಳು. ಯಾರಾದರೂ ಒಬ್ಬರು ‘ಹೌದು, ಇವಳು ಹೇಳಿದ್ದಳು, ನಾವು ಕೇಳಲಿಲ್ಲ’ ಎಂದಿದ್ದರೆ ಸಾಕಿತ್ತು. ಸೌದೆಯವನ ಮುಖಕ್ಕೆ ಅವಳ ಕಣ್ಣು ಬರುವ ಹೊತ್ತಿಗೆ ಅವನು ಬಗ್ಗಿ ಒಲೆಯ ಕೊಳ್ಳಿಯನ್ನು ಒಳಕ್ಕೆ ತಳ್ಳುತ್ತಿದ್ದ. ಆ ಒಲೆಯ ಮೇಲೆ ಏನೂ ಇರಲಿಲ್ಲ.

ಅವಳು ಸೌಟು ಕೆಳಗಿಟ್ಟಳು. ಹೊಸ್ತಿಲು ದಾಟಿದ ಮೇಲೆ ಒಂದು ಮಾತೂ ಆಡಲಿಲ್ಲ.

ಯಜಮಾನ ಊರ ಮುಂದೆ ನಿಂತು ಅವಳನ್ನು ಹೊಗಳಿದ. ತಾನಾಗಿಯೇ ಸೌಟು ಇಟ್ಟಳು, ಎಂಥ ದೊಡ್ಡ ಮನಸ್ಸು ಎಂದ. ದೊಡ್ಡ ಮನಸ್ಸಿನವಳ ಮನೆಯ ಕಡೆಗೆ ಮರುದಿನದಿಂದ ಯಾರೂ ನೀರಿಗೂ ಹೋಗಲಿಲ್ಲ. ಆಮೇಲೆ ಅವನು ಸೌಟುಗಳನ್ನು ಅದಲುಬದಲು ಮಾಡಿದ. ಕೆಲಸವಿಲ್ಲದವನಿಗೆ ಸೌದೆ ಸಿಕ್ಕಿತು. ಸೌದೆಯವನಿಗೆ ಪಾತ್ರೆಗಳು ಸಿಕ್ಕವು. ಖಾಲಿಯಾದ ಸೌಟನ್ನು ಎದುರು ಜಗಲಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನಿಗೆ ಕೊಟ್ಟರು. ಅವನು ಈ ಕಡೆ ಬಂದು ಕೂತ. ಅಡುಗೆಮನೆ ಹೊಸದಾಯಿತು ಎಂದು ಊರಿನವರು ಮಾತಾಡಿಕೊಂಡರು.

ಇಲ್ಲಿ ದ್ಯಾಮಣ್ಣ ನಡುವೆ ಬಾಯಿ ಹಾಕಿದ. “ತಾಯೀ, ಬದಲಾಯಿಸುವ ಅಧಿಕಾರ ಯಜಮಾನನಿಗೆ ಇದ್ದೇ ಇದೆಯಲ್ಲ.”

“ಇದೆ. ಕೈಗಳನ್ನು ಬದಲಿಸಬಹುದಿತ್ತು. ಕೊಪ್ಪರಿಗೆಗೆ ಕಲಾಯಿಯನ್ನೂ ಹಾಕಿಸಬಹುದಿತ್ತು. ಯಾವುದು ಸುಲಭವೋ ಅದನ್ನು ಮಾಡಿದ. ಮುಂದೆ ಕೇಳು.”

ಸೌದೆಯವನು ಮನೆಗೆ ಹೋದ. ಹೆಂಡತಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಳು. ಮಗು ಕಣ್ಣು ಬಿಡುತ್ತಿರಲಿಲ್ಲ.

“ಆ ಕೆರೆ ಓಣಿಯವಳ ಕೈ ಸೇದಿಹೋಗಲಿ,” ಎಂದಳು ಹೆಂಡತಿ. “ಪಾತ್ರೆ ತಿಕ್ಕಲು ಬಾರದವಳಿಗೆ ಸೌಟಿನ ಆಸೆ ಯಾಕೆ ಬೇಕಿತ್ತು? ನೀವೂ ಅಲ್ಲೇ ಇದ್ದಿರಲ್ಲ, ಕಣ್ಣು ಎಲ್ಲಿ ಇಟ್ಟಿದ್ದಿರಿ?”

“ಅದು ಒಳಗಿನ ಮಾತು. ಕೇಳಬೇಡ.”

“ಒಳಗಿನ ಮಾತಂತೆ! ಮಗುವಿನ ಹೊಟ್ಟೆಯೊಳಗಿನದು ಹೊರಗೆ ಬಂತಲ್ಲ, ಅದಕ್ಕೆ ಕಟ್ಟಳೆ ಇಲ್ಲವೇ?”

ಅವಳು ಪಾತ್ರೆಯವಳಿಗೆ ಶಾಪ ಹಾಕುತ್ತಲೇ ಇದ್ದಳು. ಅವನು ಒಂದೊಂದು ಶಾಪವನ್ನೂ ಕೂತು ಕೇಳಿದ. ಅವು ಯಾರಿಗೆ ಸೇರಬೇಕಾದವು ಎಂದು ಆ ಮನೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಮರುದಿನ ಅವನು ಯಜಮಾನನನ್ನು ಕೇಳಿದ.

“ಈಗಲಾದರೂ ಕಲಾಯಿ ಹಾಕಿಸೋಣವೇ?”

“ಈಗ ಹೇಗೆ ಹಾಕಿಸುವುದು?” ಎಂದ ಯಜಮಾನ. “ಹಾಕಿಸಿದರೆ ಕೊಪ್ಪರಿಗೆಯಲ್ಲೇ ದೋಷವಿತ್ತು ಎಂದು ನಾವೇ ಒಪ್ಪಿಕೊಂಡ ಹಾಗೆ. ಹಾಗಾದರೆ ಅವಳನ್ನು ಯಾಕೆ ಕಳಿಸಿದಿರಿ ಎಂದು ಕೇಳುತ್ತಾರೆ. ಚೆನ್ನಾಗಿ ತಿಕ್ಕು, ಸಾಕು.”

ಸೌದೆಯವನಿಗೆ ಪಾತ್ರೆಯ ಕೆಲಸ ತಿಳಿಯದು. ಕೇಳೋಣವೆಂದರೆ ತಿಳಿದವಳನ್ನು ಆಗಲೇ ಕಳಿಸಿಯಾಗಿತ್ತು. ಅವನು ಹುಣಸೆಹಣ್ಣು ತಂದ, ಮರಳು ತಂದ. ಕೊಪ್ಪರಿಗೆಯೊಳಗೆ ಇಳಿದು ಕೂತು ತಿಕ್ಕಿದ. ಒಂದು ದಿನಕ್ಕೆ ಹಸಿರು ಹೋಯಿತು. ಅವನು ನಿಲ್ಲಿಸಲಿಲ್ಲ. ಅಂಗೈಯ ಚರ್ಮ ಸುಲಿಯುವವರೆಗೆ ತಿಕ್ಕಿದ. ಮೈಗೆ ಅಂಟಿದ್ದನ್ನು ತಿಕ್ಕಿ ಕಳೆಯುವವನ ಹಾಗೆ ಮೂರು ದಿನ ತಿಕ್ಕಿದ.

ಆ ಮೂರು ದಿನ ಊರಿಗೆ ಮಜ್ಜಿಗೆ ಅನ್ನ ಬಡಿಸಿದರು. ಹೊಟ್ಟೆಗೆ ತಂಪು ಎಂದು ಎಲ್ಲರೂ ಉಂಡರು. ಎದುರು ಜಗಲಿಯವರೂ ಉಂಡರು. ಯಾರೂ ಡಂಗುರ ಹೊಡೆಯಲಿಲ್ಲ.

ನಾಲ್ಕನೆಯ ದಿನ ಕೊಪ್ಪರಿಗೆಯನ್ನು ಊರ ನಡುವೆ ಇಟ್ಟು ತೋರಿಸಿದರು. ಅದು ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. “ಕೈ ಬದಲಾದರೆ ಪಾತ್ರೆಯೇ ಬದಲಾಗುತ್ತದೆ ನೋಡಿ” ಎಂದ ಯಜಮಾನ. ಊರಿನವರು ತಲೆದೂಗಿದರು. ಸೌದೆಯವನ ಹೆಂಡತಿಯೂ ಮಗಳನ್ನು ಎತ್ತಿಕೊಂಡು ಬಂದು ನೋಡಿದಳು. ಮಗು ಆಗಷ್ಟೇ ಚೇತರಿಸಿಕೊಂಡಿತ್ತು. “ಈ ಕೆಲಸ ಮೊದಲೇ ನಿಮಗೆ ಕೊಡಬಾರದಿತ್ತೇ?” ಎಂದಳು. ಅಷ್ಟು ದಿನಗಳಲ್ಲಿ ಅವಳು ಗಂಡನಿಗೆ ಆಡಿದ ಒಳ್ಳೆಯ ಮಾತು ಅದೊಂದೇ. ಅವನಿಗೆ ಅದು ಎಲ್ಲ ಶಾಪಗಳಿಗಿಂತ ಹೆಚ್ಚು ಚುಚ್ಚಿತು.

ಅಂದು ಹುಳಿಸಾರು ಮಾಡಿದರು. ಪಂಕ್ತಿಗೆ ಇನ್ನೂ ಹೊತ್ತಿತ್ತು. ಸೌದೆಯವನು ಒಂದು ಸಣ್ಣ ಮಡಕೆಯಲ್ಲಿ ಸಾರು ತುಂಬಿಕೊಂಡು ಕೆರೆಯ ಓಣಿಗೆ ಹೋದ. ಅದನ್ನು ಅವಳ ಕೈಗೆ ಕೊಟ್ಟರೆ ತನ್ನ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ.

ಅವಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು.

“ಬಾ ಅಣ್ಣಾ. ಸೌದೆ ಬಿಟ್ಟು ಪಾತ್ರೆ ಹಿಡಿದೆಯಂತೆ.”

“ಯಜಮಾನರು ಹೇಳಿದರು.”

“ಹೌದು. ಅವರು ಹೇಳಿದ್ದಕ್ಕೆ ತಲೆಯಾಡಿಸುವುದು ನಿನಗೆ ಹೊಸದೇನಲ್ಲ.”

ಅವನು ಕತ್ತು ಬಗ್ಗಿಸಿದ. “ತಂಗೀ, ಆ ದಿನ ನಾನು ಒಂದು ಮಾತು...”

“ಬೇಡ. ಆಡಬೇಕಾದ ಕಡೆ ಆಡಲಿಲ್ಲ. ಇಲ್ಲಿ ಕೇರುವ ಮೊರದ ಮುಂದೆ ಆಡಿ ಏನು ಬಂತು?”

ಅವನು ಮಡಕೆಯನ್ನು ಅವಳ ಮುಂದಿಟ್ಟ.

“ಸಾರು ತಂದಿದ್ದೇನೆ. ಹೆದರಬೇಡ. ಕೊಪ್ಪರಿಗೆಯನ್ನು ನಾನೇ ತಿಕ್ಕಿದ್ದೇನೆ. ಮೂರು ದಿನ ತಿಕ್ಕಿದೆ. ಮುಖ ಕಾಣುವ ಹಾಗೆ ಹೊಳೆಯುತ್ತಿದೆ.”

“ಹೊರಗೋ, ಒಳಗೋ?”

“ಒಳಗೇ ಹೆಚ್ಚು.”

“ಏನು ಹಾಕಿ ತಿಕ್ಕಿದೆ?”

“ಹುಣಸೆಹಣ್ಣು, ಮರಳು.”

ಅವಳ ಕೈಯಲ್ಲಿ ಮೊರ ನಿಂತಿತು.

“ಅಣ್ಣಾ, ಒಳಗೆ ಬೆಳ್ಳಗೆ ಹೊಳೆಯುತ್ತಿದೆಯೋ, ಕೆಂಪಗೆ ಹೊಳೆಯುತ್ತಿದೆಯೋ?”

ಅವನು ಮಡಕೆಯೊಳಗೆ ಬಗ್ಗಿ ನೋಡಿದ. ಕಲಾಯಿ ಬೆಳ್ಳಗಿರುತ್ತದೆ, ಬರಿ ತಾಮ್ರ ಕೆಂಪಗಿರುತ್ತದೆ. ಇದು ಆ ಊರಿನ ಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಮೂರು ದಿನ ತಿಕ್ಕುವಾಗ ಅದು ನೆನಪಾಗಲಿಲ್ಲ. ನೆನಪಾಗಲು ಅವನು ಬಿಡಲಿಲ್ಲ ಎಂದರೂ ಸರಿಯೇ. ಮೊದಲು ತಳದಲ್ಲಿ ಮಾತ್ರ ಕಲಾಯಿ ಹೋಗಿತ್ತು. ಉಳಿದದ್ದನ್ನೆಲ್ಲ ಈಗ ಅವನೇ ತನ್ನ ಕೈಯಾರೆ ಕೆರೆದು ತೆಗೆದಿದ್ದ. ಊರು ಮೆಚ್ಚಿದ ಹೊಳಪು ಅದೇ.

ಊರ ಕಡೆಯಿಂದ ಊಟಕ್ಕೆ ಕರೆಯುವ ಜಾಗಟೆ ಕೇಳಿಸಿತು.

“ಓಡು,” ಎಂದಳು ಪಾತ್ರೆಯವಳು. “ಓಡಿಹೋಗಿ ಕೊಪ್ಪರಿಗೆ ಮಗುಚು.”

“ಯಾಕೆ ಮಗುಚಿದೆ ಎಂದು ಕೇಳುತ್ತಾರೆ.”

“ಕೇಳಲಿ.”

“ಹೇಳಿದರೆ ಎಲ್ಲ ಹೇಳಬೇಕಾಗುತ್ತದೆ. ನೀನು ಹೇಳಿದ್ದು, ನಾವು ತಲೆಯಾಡಿಸಿದ್ದು, ಎಲ್ಲ. ನನ್ನ ಸೌಟು ಹೋಗುತ್ತದೆ. ಎಲ್ಲರ ಸೌಟೂ ಹೋಗುತ್ತದೆ.”

“ನನ್ನದು ಹೋಗಿ ಐದು ದಿನವಾಯಿತು. ಊಟ ಮಾಡುತ್ತಿದ್ದೇನೆ, ಬದುಕಿದ್ದೇನೆ,” ಎಂದಳು ಅವಳು. “ನಿನ್ನ ಮಗಳು ಎಲೆಯ ಮುಂದೆ ಕೂತಿರುತ್ತಾಳಣ್ಣಾ.”

ಅವನು ಅಂಗಳದ ಬಾಗಿಲಿಗೆ ಬಂದ. ಜಾಗಟೆ ಎರಡನೆಯ ಸಲ ಹೊಡೆಯಿತು. ಮೂರನೆಯದಕ್ಕೆ ಒಂಬತ್ತು ಜನರೂ ಪಂಕ್ತಿಯ ಮುಂದೆ ನಿಂತು ತುತ್ತು ಎತ್ತಬೇಕು. ಅವನ ಸೊಂಟದಲ್ಲಿ ಸೌಟು ಇತ್ತು. ಅವನು ಅದರ ಮೇಲೆ ಕೈ ಇಟ್ಟುಕೊಂಡು ನಿಂತ.

ಗುರುತಾಯಿ ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿ ಇಡತೊಡಗಿದರು.

ಚಾಪೆಯ ಅಂಚಿನಲ್ಲಿ ದ್ಯಾಮಣ್ಣ ಕಿತ್ತ ಎಳೆಗಳು ಸಣ್ಣ ಗುಡ್ಡೆಯಾಗಿದ್ದವು.

“ಆಮೇಲೆ? ಅವನು ಓಡಿದನೇ ತಾಯೀ?”

ಗುರುತಾಯಿ ತಲೆ ಎತ್ತಿ ಬಾಗಿಲ ಆಚೆ ನೋಡಿದರು. ಹೊರಗೆ ಚಾಲಕ ಕಾರನ್ನು ಬಟ್ಟೆಯಿಂದ ಒರೆಸಿ ಹೊಳೆಯಿಸುತ್ತಿದ್ದ.

“ನಾಗವೇಣಿ ಬರುತ್ತಿದ್ದ ಕಾರಿನಲ್ಲೇ ನೀನು ಬಂದೆ. ಅದು ಇನ್ನೂ ಬಾಗಿಲಲ್ಲೇ ನಿಂತಿದೆ, ಅವನು ಹೇಗೆ ಓಡಿರುತ್ತಾನಪ್ಪಾ?”